ಅತ್ತೆಯ ಕೆಂಗಣ್ಣು

ನಮ್ಮತ್ತೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಪ್ರಾಯದಲ್ಲೇ ಹೋಗಿತ್ತು. ಕಾಫಿ ಕೊಯ್ಯುವಾಗ ಬಗ್ಗಿಸಿ ಹಿಡಿದ ರೆಂಬೆ ಕೈತಪ್ಪಿ ಬಡಿದಿತ್ತಂತೆ. ಉಳಿದ ಬಲಗಣ್ಣಿಗೆ ಪೊರೆ ಬಂದಾಗ ಆಪರೇಷನ್ ಅಂದರೆ ಸಾಕು, ಹೌಹಾರುತ್ತಿದ್ದರು. ಇದೂ ಹೋದರೆ ನನ್ನನ್ನು ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವರು ಯಾರು, ನೀನಾ ಎಂದು ಕೇಳುತ್ತಿದ್ದರು. ಆ ‘ನೀನಾ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಚಿಕ್ಕಮಗಳೂರಿಗೆ ಎಳೆದುಕೊಂಡು ಹೋದವಳು ನಾನೇ.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವರು ಮೊದಲು ನೋಡಿದ್ದು ನನ್ನ ಮುಖವನ್ನು. ಎಷ್ಟು ಕಪ್ಪಾಗಿದ್ದೀಯೆ ಅಂದರು. ಡಾಕ್ಟರೂ ನಕ್ಕುಬಿಟ್ಟರು. ಊರಿಗೆ ಮರಳುವಾಗ ಕಳಸದ ಬಸ್ಸಿನಲ್ಲಿ ಅತ್ತೆ ಕಿಟಕಿ ಬಿಟ್ಟು ಅಲುಗಲಿಲ್ಲ. ಯಾರ ತೋಟದಲ್ಲಿ ಕಳೆ ತೆಗೆದಿದ್ದಾರೆ, ಯಾರದ್ದು ಹಾಳು ಬಿದ್ದಿದೆ ಎಂದು ದಾರಿಯುದ್ದಕ್ಕೂ ವರದಿ ಒಪ್ಪಿಸಿದರು. ನನಗೆ ತಲೆನೋವು ಬಂದಿತ್ತು, ಖುಷಿಯೂ ಆಗಿತ್ತು.

ಆಗ ನಮ್ಮ ಕಡೆ ಕೆಂಗಣ್ಣಿನ ಹಾವಳಿ. ತೋಟದ ಕೂಲಿಯವರ ಲೈನುಮನೆಗಳಲ್ಲಿ, ಶಾಲೆಯಲ್ಲಿ, ಎಲ್ಲಿ ನೋಡಿದರೂ ಮದ್ರಾಸ್ ಐ. ನನ್ನ ಮಕ್ಕಳಿಗೂ ಬಂದು ಹೋಗಿತ್ತು. ಹಾಗಾಗಿ ಮನೆಗೆ ಬಂದ ವಾರದೊಳಗೆ ಅತ್ತೆಯ ಕಣ್ಣು ಕೆಂಪಾದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೆಂಗಣ್ಣಿನವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಮಗೂ ಅಂಟುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಅತ್ತೆಯೇ ಆಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡು ಕೋಣೆ ಸೇರಿದರು. ಕಣ್ಣಿನ ಹನಿಮದ್ದನ್ನು ತಾವೇ ಬಿಟ್ಟುಕೊಂಡರು. ನಾನು ಊಟದ ತಟ್ಟೆ ಇಟ್ಟು, ಗೋಡೆ ನೋಡುತ್ತ ಎರಡು ಮಾತಾಡಿ ಬರುತ್ತಿದ್ದೆ. ಕಣ್ಣೊಳಗೆ ಇರಿದ ಹಾಗಾಗುತ್ತದೆ ಎಂದು ನರಳುತ್ತಿದ್ದರು. ಮಕ್ಕಳೇ ಇಷ್ಟು ರಂಪ ಮಾಡಲಿಲ್ಲವಲ್ಲ ಎಂದು ಗೊಣಗಿಕೊಂಡಿದ್ದೆ.

ಒಂದು ಮಧ್ಯಾಹ್ನ ಒಳಗಿನಿಂದಲೇ ಕೂಗಿದರು: “ಮೋಡ ಕವೀತಲ್ಲೇ, ಬಟ್ಟೆ ಒಳಗೆ ತಗಳೆ.”

ಅಂಗಳದಲ್ಲಿ ಕಾಲಿಡಲಾಗದಂಥ ಬಿಸಿಲಿತ್ತು. ಒಳಗೆ ಓಡಿ ಕನ್ನಡಕ ಕಿತ್ತೆ. ಕರಿಗುಡ್ಡೆಯ ತಳದಲ್ಲಿ, ಪಾತ್ರೆಯಲ್ಲಿ ಗಂಜಿ ಕೂತ ಹಾಗೆ, ಬಿಳಿಯದೇನೋ ನಿಂತಿತ್ತು. ಮಕ್ಕಳ ಕಣ್ಣಲ್ಲಿ ಇಂಥದ್ದು ಇರಲೇ ಇಲ್ಲ.

ಸಿಕ್ಕಿದ ಜೀಪು ಹತ್ತಿಸಿಕೊಂಡು ಚಿಕ್ಕಮಗಳೂರಿಗೆ ಹೋದೆವು. ಡಾಕ್ಟರು ದೀಪ ಹಿಡಿದು ನೋಡಿದರು. ನೋವು ಯಾವಾಗ ಶುರುವಾಯಿತು, ಮಬ್ಬಾದದ್ದು ಯಾವಾಗ ಎಂದು ಕೇಳಿದರು. ಎರಡೂ ಒಟ್ಟಿಗೇ ಅಂದರು ಅತ್ತೆ. ಕೆಂಗಣ್ಣಿಗೆ ಹಾಗೇ ಆಗುತ್ತದೆ ಅಂದುಕೊಂಡು ಮಬ್ಬಿನ ಸುದ್ದಿಯನ್ನೇ ಎತ್ತಿರಲಿಲ್ಲ, ಪುಣ್ಯಾತ್ಗಿತ್ತಿ!

“ಇದು ಮದ್ರಾಸ್ ಐ ಅಲ್ಲಮ್ಮ,” ಡಾಕ್ಟರು ನನ್ನ ಕಡೆ ತಿರುಗಿದರು. “ಅದು ಕಣ್ಣಿನ ಮೇಲ್ಗಡೆ ಬರೋದು. ಚುಚ್ತದೆ, ಪಿಸುರು ಕಟ್ತದೆ, ಇಷ್ಟು ಮಬ್ಬಾಗಲ್ಲ. ಇಲ್ಲಿ ಒಳಗೇ ಕೀವಾಗಿದೆ. ಆಪರೇಷನ್ ಆದ ಕಣ್ಣು ಕೆಂಪಾಗಿ, ನೋವು ಬಂದು, ಮಬ್ಬಾದ್ರೆ ಅವತ್ತೇ ಬರ್ಬೇಕಿತ್ತು.”

ಕಣ್ಣೊಳಕ್ಕೇ ಇಂಜೆಕ್ಷನ್ ಕೊಟ್ಟು ಮಂಗಳೂರಿಗೆ ಕಳಿಸಿದರು. ಅಲ್ಲಿ ಇನ್ನೊಂದು ಆಪರೇಷನ್ ಆಯಿತು. ಕೀವು ಹೋಯಿತು, ನೋವು ಹೋಯಿತು, ಬರಬರುತ್ತ ಕೆಂಪೂ ಇಳಿಯಿತು. ಮನೆಗೆ ಬಂದವರೆಲ್ಲ ಕಣ್ಣು ಎಷ್ಟು ಚೆನ್ನಾಗಾಗಿದೆ ಅನ್ನುವವರೇ. ಈಗ ಎಲ್ಲರಿಗೂ ನೆಟ್ಟಗೆ ನೋಡಲು ಧೈರ್ಯ ಬಂದಿತ್ತು. ನನಗೆ ಅವರನ್ನೆಲ್ಲ ಅಂಗಳ ದಾಟಿಸಿ ಅಟ್ಟಬೇಕೆನಿಸುತ್ತಿತ್ತು.

ಮತ್ತೆ ಚಿಕ್ಕಮಗಳೂರಿಗೆ ತೋರಿಸಲು ಹೋದಾಗ ಡಾಕ್ಟರು ಕೋಣೆಯ ಕಿಟಕಿ ಮುಚ್ಚಿಸಿದರು. ಬೆಳಕು ಯಾವ ಕಡೆಯಿಂದ ಬರುತ್ತದೋ ಆ ಕಡೆ ಕೈ ತೋರಿಸಬೇಕು ಎಂದು ಅತ್ತೆಗೆ ಹೇಳಿ ಟಾರ್ಚ್ ಹಾಕಿದರು. ಮೇಲಿನಿಂದ ಬಿಟ್ಟರು, ಕೆಳಗಿನಿಂದ ಬಿಟ್ಟರು, ನೇರಕ್ಕೆ ತಂದು ಹಿಡಿದರು. ಬೆಳಕು ಅತ್ತೆಯ ಮೂಗುತಿಯ ಮೇಲೆ, ಕೆನ್ನೆಯ ಸುಕ್ಕಿನ ಮೇಲೆ ಓಡಾಡುತ್ತಿತ್ತು. ಅತ್ತೆ ಕೈಯೆತ್ತಲು ಸಿದ್ಧವಾಗಿ, ನೆಟ್ಟಗೆ ಕೂತೇ ಇದ್ದರು. ಆಮೇಲೆ ತಡಕಿ ನನ್ನ ಸೆರಗು ಹಿಡಿದುಕೊಂಡರು.

“ಅವ್ರು ಲೈಟ್ ಹಾಕಿದ್ ಕೂಡ್ಲೆ ಹೇಳೆ,” ಅಂದರು ಮೆಲ್ಲಗೆ.

“ಹೂಂ ಅತ್ತೆ,” ಅಂದೆ.