ನೋವಿಲ್ಲದ ಸೋಮವಾರ ಬೆಳಿಗ್ಗೆ

ಹೊಲಿದ ರವಿಕೆಯನ್ನು ಮೊಳೆಗೆ ಸಿಕ್ಕಿಸಲು ಹೋದೆ. ಬಲಗೈ ಭುಜದಿಂದ ಮೇಲೇಳಲಿಲ್ಲ.

ಭದ್ರಾವತಿಯ ಹಳೇನಗರದಲ್ಲಿ ಇಪ್ಪತ್ತಾರು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಸ್ನಾಯು ಹರಿದಿದೆ, ಆಪರೇಷನ್ ಆಗಬೇಕು ಎಂದು ಡಾಕ್ಟರ್ ಹೇಳಿದಾಗ ನನಗೆ ಜೀವದ ಚಿಂತೆ ಬರಲಿಲ್ಲ. ಈ ಕೈ ಮತ್ತೆ ಕತ್ತರಿ ಹಿಡಿಯುತ್ತದೋ ಇಲ್ಲವೋ, ಅದೊಂದೇ ಚಿಂತೆ.

ನಾವು ಹೋದ ಶಿವಮೊಗ್ಗದ ಆಸ್ಪತ್ರೆಗೆ ಸರ್ಜನ್ ಬರುವುದು ಭಾನುವಾರ ಮಾತ್ರ. ಅರಿವಳಿಕೆ ಕೊಡುವ ಡಾಕ್ಟರ್ ನನ್ನ ಮಗಳ ವಯಸ್ಸಿನವರು. ಕೈಯ ನರಗಳನ್ನು ಮರಗಟ್ಟಿಸಲು ಕುತ್ತಿಗೆಯ ಬುಡಕ್ಕೆ ನರ್ವ್ ಬ್ಲಾಕ್ ಚುಚ್ಚುವ ಮೊದಲು ಕೂತು ಹೇಳಿದರು.

"ಮರಗಟ್ಟಿಸೋ ಔಷಧಿ ಜೊತೆ ಸ್ವಲ್ಪ ಡೆಕ್ಸಾಮೆಥಾಸೋನ್ ಸೇರಿಸ್ತೀನಿ ಅಮ್ಮ. ಇನ್ನಷ್ಟು ಹೊತ್ತು ನೋವು ತಡೆಯುತ್ತೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಜೋಮು ಬಿಡಬಹುದು. ನೋವಿಲ್ಲ ಅಂತ ಮಾತ್ರೆ ಮಾತ್ರ ಬಿಡ್ಬೇಡಿ. ಬೆಳಿಗ್ಗೆ ತಿಂಡಿ ತಿಂದು ತಗೊಳ್ಳಿ."

ಎಲ್ಲಾ ತಿಳಿದವಳಂತೆ ತಲೆಯಾಡಿಸಿದೆ.

ಆಪರೇಷನ್ ಆದ ಮಾರನೇ ದಿನ, ಸೋಮವಾರ ಬೆಳಿಗ್ಗೆ, ನೋವಿನ ಸುಳಿವೇ ಇಲ್ಲ. ಕೈ ಯಾರದ್ದೋ ಎಂಬಂತೆ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ತೂಗಿಕೊಂಡಿತ್ತು. ಸೂಜಿ ಹಿಡಿಯುವ ಹಾಗೆ ಹೆಬ್ಬೆರಳು, ತೋರುಬೆರಳು ಜೋಡಿಸಲು ನೋಡಿದೆ. ಆಗಲಿಲ್ಲ.

ಕೈ ಹೋಯಿತು ಅಂದುಕೊಂಡೆ.

ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಸೋಮವಾರ ಒಪ್ಪತ್ತು. ಶಿವಪೂಜೆಯಾಗಿ ಸಂಜೆಗೇ ಊಟ. ಈ ಕೈ ಉಳಿಸಿಕೊಡಪ್ಪಾ ಎಂದು ಬೇಡಿಕೊಳ್ಳುವ ದಿನವೇ ಇಡ್ಲಿ ತಿನ್ನಲು ಮನಸ್ಸು ಹೇಗೆ ಬಂದೀತು? ತಿಂಡಿ ಬೇಡ ಅಂದೆ. ತಿಂಡಿಯಿಲ್ಲದ ಮೇಲೆ ಅದರ ನಂತರದ ಮಾತ್ರೆಯೂ ಇಲ್ಲ. ಅದನ್ನು ದಿಂಬಿನಡಿ ಸೇರಿಸಿದೆ.

ಹನ್ನೆರಡಕ್ಕೆ ಭುಜ ಚುರುಕ್ ಎಂದಿತು. ಅರ್ಧ ಗಂಟೆಯಲ್ಲಿ ಕೆಂಡ ಇಟ್ಟಂಥ ಉರಿ. ಕೂಗಿಕೊಂಡೆ. ಹೊರಗೆ ಕೂತಿದ್ದ ನನ್ನ ಯಜಮಾನರು ಓಡಿ ಬಂದರು.

"ಮಾತ್ರೆ ತಗೊಂಡ್ಯಾ ಇಲ್ವಾ ಮಾರಾಯ್ತಿ?"

ಎಡಗೈಯಲ್ಲಿ ದಿಂಬಿನಡಿ ತೋರಿಸಿದೆ. ಬಗ್ಗಿದವರ ಕಣ್ಣು ಜೋಳಿಗೆಯ ಮೇಲೆ ಬಿತ್ತು.

"ಇಲ್ನೋಡೇ, ನಿನ್ನ ಬೆರಳು!"

ಬಲಗೈಯ ಎರಡೂ ಬೆರಳು ಜೋಳಿಗೆಯ ಅಂಚನ್ನು ಚಿವುಟಿ ಹಿಡಿದಿದ್ದವು. ಅಳುತ್ತಲೇ ನಕ್ಕೆ. ನೋವು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟ ರೋಗಿಯನ್ನು ಆ ವಾರ್ಡು ನೋಡಿರಲಿಕ್ಕಿಲ್ಲ.

ಅದೇ ಅರಿವಳಿಕೆ ಡಾಕ್ಟರ್ ಬಂದು ಡ್ರಿಪ್‌ಗೆ ನೋವಿನ ಔಷಧಿ ಹಾಕಿಸಿದರು. ನೋವು ತಗ್ಗಿದ ಮೇಲೆ ನನ್ನಿಂದ ಎಲ್ಲಾ ಕೇಳಿ ತಿಳಿದು ಸರಿಯಾಗಿಯೇ ಬೈದರು. "ಬೆರಳು ಆಡ್ದೇ ಇದ್ದಿದ್ದೂ ಅದೇ ಬ್ಲಾಕ್‌ನಿಂದ ಅಮ್ಮ. ಹೆದರಿಕೆ ಆದ್ರೆ ಒಂದ್ಮಾತು ಕೇಳ್ಬಾರ್ದಾ? ನೀವು ಇಡ್ಲಿ ತಿಂದಿದ್ರೆ ಶಿವ ಏನೂ ಅಂತಿರ್ಲಿಲ್ಲ."

ಈಗ ಮೂರನೇ ತಿಂಗಳು. ವ್ಯಾಯಾಮ ನಡೆದಿದೆ, ಕೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ. ಮೊನ್ನೆ ಯಜಮಾನರ ಹಳೇ ಪಂಚೆಯೊಂದನ್ನು ಹಾಸಿ, ಗೆರೆ ಎಳೆದು, ಕತ್ತರಿ ಹಾಕಿದೆ. ಗೆರೆ ಬಿಟ್ಟು ಹೋಗಲಿಲ್ಲ. ಎರಡು ತುಂಡಾದ ಪಂಚೆ ಕಂಡ ಅವರು ಒಳಗೆ ಹೋಗಿ ಇನ್ನೊಂದು ತಂದುಕೊಟ್ಟರು.