ಜಾಣರ ಕ್ಲಾಸಿಗೆ ಬಂದ ಅಜ್ಜಿ

“ಜಾಣರ ಕ್ಲಾಸು ಇದೇ ಏನ್ರಿ ಸರ?” ಎಂದು ಬಾಗಿಲಲ್ಲಿ ನಿಂತು ಕೇಳಿದವಳು ನನ್ನ ಅಜ್ಜಿ. ನಾನು ಬಿದ್ದ ಪೆನ್ನು ಹುಡುಕುವವಳಂತೆ ಬೆಂಚಿನ ಕೆಳಗೆ ಬಗ್ಗಿದೆ. ಮೊದಲ ಸೆಮಿಸ್ಟರಿನ ಇಂಗ್ಲಿಷಿನಲ್ಲಿ ಫೇಲಾದವರಿಗೆ ಕಾಲೇಜು ಮುಗಿದ ಮೇಲೆ ನಡೆಯುವ ಪಾಠ ಅದು. ಮನೆಯಲ್ಲಿ ಮಾತ್ರ ನಾನು, ಜಾಣರನ್ನು ಆರಿಸಿ ಬೇರೆ ಪಾಠ ಮಾಡುತ್ತಾರೆ ಎಂದು ಬಡಾಯಿ ಕೊಚ್ಚಿದ್ದೆ. ಕೊಟ್ಟೂರಿಗೆ ಸಂತೆಗೆ ಬಂದಿದ್ದ ಅಜ್ಜಿ ಮೊಮ್ಮಗಳ ಜಾಣತನವನ್ನು ಕಣ್ಣಾರೆ ನೋಡಿ ಹೋಗಲು ಬಂದಿದ್ದಳು.

ತರಗತಿ ಗೊಳ್ಳೆಂದು ನಕ್ಕಿತು. ಸರ್ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಅಜ್ಜಿ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಅವರ ಕಡೆ ತಿರುಗಿದಳು.

“ಹಂಗಾರ ಚಲೋನ ಆತು ಬಿಡ್ರಿ. ನಮ್ಮ ಕುರಿ ರೊಪ್ಪದಾಗೂ ಸಣಕಲು ಮರಿನ ಬ್ಯಾರೆ ಕಟ್ಟಿ, ಹಾಲು ಜಾಸ್ತಿ ಇರೋ ಕುರಿ ಹಿಡಕೊಂಡು ಕುಡಸ್ತೀವಿ. ಆದ್ರ ಈಕಿ ತಾನಾಗಿ ಕುಡಿಯೋ ಮರಿ ಅಲ್ರಿ. ಕಿವಿ ಹಿಡದು ಕುಡಸ್ರಿ!”

ಮರುದಿನ ಹಾಜರಿ ಕರೆದಾಗ ಎಲ್ಲರೂ ‘ಎಸ್ ಸರ್’ ಎನ್ನುವ ಬದಲು ‘ಬ್ಯಾ’ ಎಂದರು. ನಾನೂ ಅಂದೆ. ನಾಚಿಕೆ ಅಲ್ಲಿಗೆ ಮುಗಿಯಿತು. ಮೊನ್ನೆಯಂತೂ, ಇಂಗ್ಲಿಷಿನಲ್ಲಿ ಇಡೀ ಕಾಲೇಜಿಗೇ ಹೆಚ್ಚು ಅಂಕ ಪಡೆದ ಹುಡುಗಿಯೇ ಈ ಪಾಠಕ್ಕೆ ಬಂದು ನನ್ನ ಪಕ್ಕ ಕೂತಳು. “ಫೇಲಾದವ್ರ ಪಟ್ಟ್ಯಾಗ ನಿನ್ನ ಹೆಸರು ಇಲ್ಲಲ್ಲಮ್ಮ?” ಎಂದರು ಸರ್. ಆಕೆ ಎದ್ದು ನಿಂತು ಮೆಲ್ಲಗೆ ‘ಬ್ಯಾ’ ಎಂದಳು. ಸರ್ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರನ್ನೂ ಬರೆದುಕೊಂಡರು.