ಗಂಟಲಿಗೆ ಬಾರದ ಒಂದು ಸ್ವರ

ನನ್ನ ಗಂಡ ಟೆನರ್. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಹಾಗೆಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಗಂಡಸರ ಹಾಡುವ ದನಿಗಳಲ್ಲಿ ಮೇಲಿನದು ಎಂದು ನಾನು ಬಿಡಿಸಿ ಹೇಳುತ್ತೇನೆ. ಕಲ್ಯಾಣದಲ್ಲಿ ಹೋಟೆಲು ಇಟ್ಟಿದ್ದ ಮಾವನವರಿಗೂ ಅದು ಕೊನೆಯವರೆಗೆ ಅರ್ಥವಾಗಲಿಲ್ಲ. "ಬೊಬ್ಬೆ ಹಾಕಿದ್ರೆ ದುಡ್ಡು ಕೊಡ್ತಾರಾ? ಹಾಗಾದ್ರೆ ನಮ್ಮ ಸಪ್ಲಾಯರ್‌ಗಳೆಲ್ಲ ಬಂಗ್ಲೆ ಕಟ್ಟಿಸ್ಬೇಕಿತ್ತು" ಎನ್ನುತ್ತಿದ್ದರು.

ಇವರು ಮುಂಬಯಿಯಲ್ಲಿ ಇಟಾಲಿಯನ್ ಒಪೆರಾದ ಮೇಳದಲ್ಲಿ ಹಾಡಿದರು, ಹಾಡು-ಕುಣಿತದ ಇಂಗ್ಲಿಷ್ ಮ್ಯೂಸಿಕಲ್‌ಗಳಲ್ಲಿ ನಾಯಕರಾದರು, ಮರಾಠಿ ಸಂಗೀತ ನಾಟಕಕ್ಕೆ ಪೇಟ ಸುತ್ತಿದರು. ಚರ್ಚಿನ ಮದುವೆಗಳಲ್ಲಿ ಹಾಡಿದ ದನಿಯಲ್ಲೇ ಕನ್ನಡ ಸಂಘದ ಗಣಪತಿಯ ಎದುರೂ ಹಾಡಿದರು. ಒಂದೊಂದು ವಾರ ಮೂರು ವೇಷಗಳ ಅಂಗಿ ಬರುತ್ತಿತ್ತು. ಕಾಲರಿಗೆ ಹತ್ತಿದ ಮುಖದ ಬಣ್ಣವನ್ನು ನಾನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತಿದ್ದೆ.

ಆಮೇಲೆ ಗಂಟಲೊಳಗೆ ಸಣ್ಣದೊಂದು ಗಂಟು ಕಾಣಿಸಿಕೊಂಡಿತು. ಠಾಣೆಯಲ್ಲಿ ಆಪರೇಶನ್ ಆಯಿತು. ಮಾತಿಗೆ ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಹಾಡಿಗೆ? ಎಂದು ಕೇಳಿದ್ದಕ್ಕೆ ಅವರು ಪೆನ್ನಿನ ಮುಚ್ಚಳ ಹಾಕಿ, "ನೋಡೋಣ" ಎಂದರು. ಹಾಡಲು ಕರೆಯುವ ಫೋನುಗಳು ಒಂದೊಂದಾಗಿ ನಿಂತವು.

ಈ ವರ್ಷ ಒಂದು ಕರೆ ಬಂತು. ಇವರು ಹಿಂದೆ ಮುದಿ ನಾವಿಕನಾಗಿದ್ದ ಮ್ಯೂಸಿಕಲ್ಲನ್ನು ನವಿ ಮುಂಬಯಿಯಲ್ಲಿ ಮತ್ತೆ ಆಡಿಸುತ್ತಾರಂತೆ, ಒಮ್ಮೆ ಬಂದು ಹಾಡಿ ತೋರಿಸಬೇಕಂತೆ. ನಾವಿಕನ ಹಾಡು ಮುಗಿಯುವುದೇ ಟೆನರಿನ ಎತ್ತರದ ಒಂದು ಸ್ವರದ ಮೇಲೆ. "ಇದೂ ಹೋದ್ರೆ ಇನ್ನು ನನ್ನನ್ನು ಯಾರೂ ಕರೆಯುದಿಲ್ಲ" ಎಂದರು ಇವರು, ಚಪಾತಿ ಮುರಿಯುತ್ತಾ, ನನ್ನ ಮುಖ ನೋಡದೆ.

ಸಂಜೆ ಕಾರ್ಖಾನೆಗಳ ಕಡೆಯಿಂದ ಘಾಟು ಬರುವ ಹೊತ್ತಿಗೆ ಕಿಟಕಿ ಮುಚ್ಚಿ ಅಭ್ಯಾಸ. ಕೀಬೋರ್ಡು ನುಡಿಸುವವಳು ನಾನು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿಸಿ ಪಿಯಾನೋ ಕಲಿಸಿದ್ದರು. ವಾರಗಟ್ಟಲೆ ಆ ಸ್ವರದ ಹತ್ತಿರ ದನಿ ಹರಿದುಹೋಗುತ್ತಿತ್ತು. ಒಂದು ಸಂಜೆ ಮಾತ್ರ ಪೂರ್ತಿಯಾಗಿ ಬಂತು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಕೆಳಗಿನ ಮನೆಯವರು ಸಿಕ್ಕಿದರು. "ಕ್ಯಾ ವಹಿನಿ, ಸಾಹೇಬ್ ಆಜ್‌ಕಲ್ ಗಾತೇ ನಹೀ? ಹಮಾರಾ ಕುತ್ತಾ ರೋತಾ ಹೀ ನಹೀ!" ಸಾಹೇಬರು ಈಗೀಗ ಹಾಡುವುದಿಲ್ಲವೇ ಅತ್ತಿಗೆ, ನಮ್ಮ ನಾಯಿ ಅಳುವುದೇ ಇಲ್ಲ ಎಂದು ಅವರ ನಗು. ಹಿಂದೆ ಇವರು ಆ ಸ್ವರ ಮುಟ್ಟಿದಾಗಲೆಲ್ಲ ಅವರ ನಾಯಿ ಜೊತೆಗೂಡಿ ಊಳಿಡುತ್ತಿದ್ದದ್ದು ಇಡೀ ಕಟ್ಟಡಕ್ಕೇ ತಮಾಷೆಯಾಗಿತ್ತು. ಹಿಂದಿನ ಸಂಜೆ ಸ್ವರ ಪೂರ್ತಿಯಾಗಿ ಬಂದಾಗಲೂ ನಾಯಿ ಸುಮ್ಮನಿತ್ತು.

ಅಂದು ಸಂಜೆ ನುಡಿಸಲು ಕೂತಾಗ ಕೀಬೋರ್ಡಿನ ಪುಟ್ಟ ಪರದೆಯನ್ನು ನೋಡಿದೆ. ಮೈನಸ್ ಎರಡು. ನಿನ್ನೆಯಂತೆ ಇವತ್ತೂ, ನಾನು ಕೂರುವ ಮೊದಲು ಧೂಳು ಒರೆಸುವ ನೆಪದಲ್ಲಿ ಇವರು ಶ್ರುತಿ ಇಳಿಸಿಟ್ಟಿದ್ದರು.

"ನೋಡಿ, ಇದು ಎರಡು ಕೆಳಗೆ ಉಂಟು" ಎಂದೆ.

"ಗೊತ್ತುಂಟು." ಧೂಳು ಒರೆಸುವ ಬಟ್ಟೆ ಮಡಚುತ್ತಾ, "ನೀನು ಸುಮ್ನೆ ಬಾರಿಸು ಮಾರಾಯ್ತಿ. ನಾಳೆ ನಾನೇ ಮೇಲೆ ಹಾಕ್ತೇನೆ."

ಒಳಗಿನ ಕೋಣೆಯಿಂದ ಮಗಳು ಕೂಗಿದಳು: "ಪಪ್ಪಾ, ನೀಚೇ ಸೇ ಹೀ ಗಾವೋ ನಾ, ಕಿಸ್ಕೋ ಸಮಝೇಗಾ?" ಕೆಳಗಿನ ಶ್ರುತಿಯಲ್ಲೇ ಹಾಡಿ, ಯಾರಿಗೆ ತಿಳಿಯುತ್ತದೆ ಎಂದು ಅವಳ ಪ್ರೀತಿಯ ಸಮಾಧಾನ. ಇವರು ಬಾಲ್ಕನಿಗೆ ಹೋಗಿ, ಅಷ್ಟು ಘಾಟಿನಲ್ಲಿ ನಿಂತೇ ಇದ್ದರು. ಆ ನಾಳೆ ಬರಲಿಲ್ಲ.

ಹಾಡಿ ತೋರಿಸುವ ದಿನ ಬಂತು; ನವಿ ಮುಂಬಯಿಯ ವಾಶಿಯ ಹಾಲ್‌ನಲ್ಲಿ ಪಿಯಾನೋ ಇರಲಿಲ್ಲ. ಲ್ಯಾಪ್‌ಟಾಪಿನಿಂದ ಮೊದಲೇ ರೆಕಾರ್ಡಾದ ವಾದ್ಯಗಳ ಟ್ರ್ಯಾಕ್ ಬರುತ್ತಿತ್ತು. ನಿರ್ದೇಶಕ ಬೆಂಗಳೂರಿನ ಹುಡುಗ, ನಾವು ಕನ್ನಡದವರೆಂದು ತಿಳಿದು ಖುಷಿಪಟ್ಟ. ಇವರು ತಗ್ಗಿದ ದನಿಯಲ್ಲಿ, "ಎರಡು ಇಳಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆ ಮಾತನ್ನು ಇವರು ಯಾರೆದುರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಆಗಲ್ಲ ಸಾರ್. ಕೋರಸ್ ಎಲ್ಲಾ ಇದೇ ಶ್ರುತೀಲಿ ರೆಕಾರ್ಡ್ ಆಗ್ಬಿಟ್ಟಿದೆ."

ಹಾಡಿದರು. ಚೆನ್ನಾಗಿಯೇ ಹಾಡಿದರು. ಕೊನೆಯ ಸ್ವರಕ್ಕೆ ಬಲಗೈ ಎಂದಿನಂತೆ ಮೇಲೆದ್ದಿತು. ಬಾಯಿಂದ ಬಂದದ್ದು ಬರೀ ಗಾಳಿ. ಟ್ರ್ಯಾಕ್ ತನ್ನಷ್ಟಕ್ಕೆ ಮುಗಿಯಿತು. ಕೈಯನ್ನು ಇಳಿಸಲು ಇವರಿಗೆ ನೆನಪಾಗಲಿಲ್ಲ.

ಹುಡುಗ ಒಳ್ಳೆಯವನು. ಹತ್ತಿರ ಬಂದು ಹೇಳಿದ: "ಸ್ಟೇಜ್ ಮೇಲೆ ನಿಮ್ಮಂಗೆ ನಿಲ್ಲೋರು ಯಾರಿದಾರೆ ಸಾರ್? ಹಾಡನ್ನ ಬೇರೆಯವರ ಕೈಲಿ ರೆಕಾರ್ಡ್ ಮಾಡಿಸ್ತೀವಿ. ನೀವು ತುಟಿ ಆಡ್ಸಿದ್ರೆ ಸಾಕು."

ಇವರು ಸಿಟ್ಟಿನಿಂದ ಹೊರಟೇಬಿಡುತ್ತಾರೆ ಎಂದುಕೊಂಡು ನಾನು ಆಗಲೇ ಚೀಲ ಹೆಗಲಿಗೆ ಹಾಕಿ ಎದ್ದಿದ್ದೆ.

"ಆಯ್ತು" ಎಂದರು. "ಯಾವತ್ತಿಂದ ಬರ್ಬೇಕು?"

ಠಾಣೆಯ ಲೋಕಲ್ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಹುಡುಗ ಯಾರದೋ ದನಿಯಲ್ಲಿರುವ ನಾವಿಕನ ಹಾಡನ್ನು ಫೋನಿಗೆ ಕಳಿಸಿದ್ದ. ಇವರು ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು, ತುಟಿ ಆಡತೊಡಗಿತು. ಎದುರಿನ ಹೆಂಗಸು, ಇವರು ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು, ತಾಗದಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಕೊನೆಯಲ್ಲಿ ಬಾಯಿ ಅಗಲವಾಗಿ ತೆರೆಯಿತು. ಗಂಟಲು ಅಲುಗಲಿಲ್ಲ.

ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. "ಸರಿ ಕಾಣ್ತದಾ?"

"ಕಾಣ್ತದೆ" ಎಂದೆ.